ಕೆಳಗಿಡಬಾರದ ಚೀಲ

ಇದು ನಡೆದದ್ದು 2006ರ ಜುಲೈನಲ್ಲಿ. ನಾನೂ ಸುರೇಶಣ್ಣನೂ ಸಿಡ್ನಿಯ ಒಂದು ಇಂಡಿಯನ್ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆವು. ಅವನು ನಮ್ಮ ದೊಡ್ಡಮ್ಮನ ಮಗ. ಎಸ್ಸೆಸ್ಸೆಲ್ಸಿ ಫೇಲಾಗಿ ಮದ್ದೂರಿನಲ್ಲಿ ವಡೆ ತಟ್ಟುತ್ತಿದ್ದ ನನ್ನನ್ನು ಆಸ್ಟ್ರೇಲಿಯಾಕ್ಕೆ ಕರೆಸಿಕೊಂಡವನು ಅವನೇ. ಒಂದು ದಿನ ಈರುಳ್ಳಿ ಹೆಚ್ಚುತ್ತಾ ನಿಂತಿದ್ದವನು ಹಾಗೇ ಕುಸಿದ. ಹಾರ್ಟ್ ಅಟ್ಯಾಕ್. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟ. ಅವನಿಗಿನ್ನೂ ಮದುವೆ ಕೂಡ ಆಗಿರಲಿಲ್ಲ.

ದೊಡ್ಡಮ್ಮ ಆಗ ಮಗಳ ಬಾಣಂತನಕ್ಕೆಂದು ಮೆಲ್ಬರ್ನ್‌ನ ಕ್ರಾನ್‌ಬರ್ನ್‌ಗೆ ಬಂದಿದ್ದಳು. ಸುದ್ದಿ ತಿಳಿದು ಅಳಿಯನ ಜೊತೆ ಸಿಡ್ನಿಗೆ ಬಂದಳು. ಇಲ್ಲಿ ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಚಕ್ರ ಇರುವ ಸ್ಟ್ಯಾಂಡಿನ ಮೇಲೆ ತಳ್ಳಿಕೊಂಡು ಹೋಗುತ್ತಾರೆ. ಆಮೇಲೆ ಒಂದು ಪರದೆ ಮುಚ್ಚುತ್ತದೆ, ಅದರ ಹಿಂದೆ ಯಂತ್ರದಲ್ಲಿ ಸುಡುತ್ತಾರೆ. ಅಷ್ಟೇ, ಮುಗಿಯಿತು. ದೊಡ್ಡಮ್ಮ ಒಳಗೆ ಅಳಲಿಲ್ಲ. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದುಕೊಂಡು ಒಂದೇ ಮಾತು ಹೇಳಿದಳು.

"ನನ್ ಮಗನ್ಗೆ ಹೆಗಲು ಕೊಡಕೆ ನಾಕು ಜನ ಬೇಕಾಗ್ಲೇ ಇಲ್ಲ ನೋಡ್ಲಾ."

ಅಸ್ಥಿ ಕೈಗೆ ಸಿಗಲು ಇನ್ನೂ ಎರಡು ದಿನ ಬೇಕಿತ್ತು. ಅತ್ತ ಬಾಣಂತಿ ಒಬ್ಬಳೇ. ದೊಡ್ಡಮ್ಮ ವಾಪಸ್ ಹೋದಳು. ಆ ಶುಕ್ರವಾರ ರಾತ್ರಿ ಅವಳಿಗೆ ಮೆಲ್ಬರ್ನ್‌ನಿಂದ ಊರಿನ ವಿಮಾನ. ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಡಬೇಕು, ದೊಡ್ಡಪ್ಪ ಅದಕ್ಕೇ ಕಾಯುತ್ತಾ ಕೂತಿದ್ದ. ಇಲ್ಲೇ ಕಾಯಂ ಆಗಿ ಉಳಿಯಲು ಹಾಕಿದ್ದ ನನ್ನ ಪಿಆರ್ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ಎಲ್ಲರೂ ಹೇಳಿದ್ದರಿಂದ ನಾನು ಊರಿಗೆ ಹೋಗುವಂತಿರಲಿಲ್ಲ. ಹಸುಗೂಸು ಇರುವ ಮನೆಯೊಳಗೆ ಅಸ್ಥಿ ತರುವಂತೆಯೂ ಇರಲಿಲ್ಲ. ಹಾಗಾಗಿ ಆ ಶುಕ್ರವಾರವೇ ಬೆಳಿಗ್ಗೆ ಬಸ್ ಹತ್ತಿ, ಸಂಜೆ ಮೆಲ್ಬರ್ನ್ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಮ್ಮನ ಕೈಗೆ ಕೊಡಬೇಕು, ಅವಳು ಅಲ್ಲಿಂದ ನೇರ ಏರ್‌ಪೋರ್ಟಿಗೆ ಹೋಗಬೇಕು ಅಂತ ಮಾತಾಯಿತು.

ಹೊರಡುವ ಮುಂಚೆ ದೊಡ್ಡಮ್ಮ ಫೋನಿನಲ್ಲಿ ಹೇಳಿದಳು.

"ಎಲ್ಲೂ ಕೆಳಕ್ಕೆ ಮಡಗಬ್ಯಾಡ ಕಣ್ಲಾ. ಹಿಡ್ಕಂಡು ತಿನ್ಬ್ಯಾಡ. ಕಕ್ಕಸಿಗೆ ತಕ್ಕಂಡು ಹೋಗ್ಬ್ಯಾಡ. ನಿನ್ ತೊಡೆ ಮ್ಯಾಲೆ ಕುಂತವ್ನೆ ಅಂತ ತಿಳ್ಕೊ."

ಅಸ್ಥಿಯನ್ನು ಹೊಸ ತಾಮ್ರದ ಚೊಂಬಿಗೆ ಹಾಕಿ, ಬಿಳಿ ಬಟ್ಟೆಯಿಂದ ಬಾಯಿ ಕಟ್ಟಿ, ಬಟ್ಟೆ ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ಡ್ರೈವರ್ ಕೆಂಪು ಮುಖದ ದಪ್ಪ ಮನುಷ್ಯ. ಚೀಲವನ್ನು ಕೆಳಗೆ ಲಗೇಜಿನಲ್ಲಿ ಹಾಕು ಎಂದ. ತಲೆ ಅಲ್ಲಾಡಿಸಿದೆ. ಕಾಲಿನ ಹತ್ತಿರವಾದರೂ ಇಟ್ಟುಕೋ ಎಂದ. ಅದಕ್ಕೂ ತಲೆ ಅಲ್ಲಾಡಿಸಿದೆ. ಅವನು ಏನೋ ಗೊಣಗಿಕೊಂಡು ಹೋದ. ಪಕ್ಕದ ಅಜ್ಜಿ ಬಿಸ್ಕತ್ ಕೊಟ್ಟರೆ ಬೇಡ ಎಂದೆ, ನೀರು ಬೇಕಾ ಎಂದರೂ ಬೇಡ ಎಂದೆ. ಆಕೆ ಎದ್ದು ಬೇರೆ ಸೀಟಿಗೆ ಹೋದಳು. ನಾನು ತೊಡೆ ಮೇಲಿನ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ಗಂಡಗೈ ಎಂಬ ಸಣ್ಣ ಊರಿನಲ್ಲಿ ಊಟಕ್ಕೆ ನಿಲ್ಲಿಸಿದರು. ಎಲ್ಲರನ್ನೂ ಇಳಿಸಿ ಬಸ್ಸಿಗೆ ಬೀಗ ಹಾಕಿದರು. ಬೆಳಿಗ್ಗೆಯಿಂದ ನೀರು ಕುಡಿಯದಿದ್ದರೂ ಆ ಚಳಿಗೆ ನನಗೆ ತಡೆಯಲು ಆಗುತ್ತಿರಲಿಲ್ಲ. ಚೀಲ ಹಿಡಿದುಕೊಂಡು ಟಾಯ್ಲೆಟ್ ಮುಂದೆ ಹೋಗುವುದು, ತಿರುಗಿ ಬರುವುದು, ಹೀಗೇ ಮಾಡುತ್ತಿದ್ದೆ. ಹಿಡಿದುಕೊಳ್ಳಿ ಎಂದು ಯಾರಿಗೆ ಕೊಡಲಿ? ಏನು ಅಂತ ಹೇಳಲಿ? ಪಾರ್ಕಿನಂಚಿನಲ್ಲಿ ನೀಲಗಿರಿ ಜಾತಿಯ ಮರ ಇತ್ತು. ನಮ್ಮೂರಲ್ಲಿ ಅಸ್ಥಿಯನ್ನು ಹೊಳೆಗೆ ಬಿಡುವ ತನಕ ಮಸಣದ ಮರಕ್ಕೆ ಕಟ್ಟುವುದನ್ನು ನೋಡಿದ್ದೆ. ಚೀಲವನ್ನು ಒಂದು ಗಟ್ಟಿ ಕೊಂಬೆಗೆ ತೂಗುಹಾಕಿ, ಬಿಗಿಯಾಗಿದೆಯಾ ಎಂದು ಎಳೆದು ನೋಡಿ, ಟಾಯ್ಲೆಟ್ ಕಡೆ ಓಡಿದೆ.

ಬಾಗಿಲು ತಲುಪುವ ಮೊದಲೇ ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ ಡ್ರೈವರ್ ಮರದಿಂದ ದೂರ ನಿಂತು, ಕೈ ಅಗಲಿಸಿ ಜನರನ್ನು ಹಿಂದಕ್ಕೆ ಸರಿಸುತ್ತಿದ್ದ. ಒಬ್ಬ ಆಗಲೇ ಮೊಬೈಲ್ ತೆಗೆದಿದ್ದ. ಆ ದಿನಗಳಲ್ಲಿ ಬಸ್ಸು, ರೈಲಿನಲ್ಲಿ ಬಾಂಬ್ ಇಟ್ಟ ಸುದ್ದಿ ಟಿವಿಯಲ್ಲಿ ಬರುತ್ತಲೇ ಇತ್ತು. ನನ್ನಂಥ ಕರಿ ಮೈಬಣ್ಣದವನು ಬೆಳಿಗ್ಗೆಯಿಂದ ಯಾರಿಗೂ ಮುಟ್ಟಲು ಬಿಡದ ಚೀಲವನ್ನು ಮರಕ್ಕೆ ನೇತುಹಾಕಿ ಓಡಿದರೆ ಅವರಾದರೂ ಏನು ತಿಳಿದುಕೊಳ್ಳಬೇಕು? ನನಗೆ ಅದು ಹೊಳೆದದ್ದು ಆಗಲೇ. ಪೊಲೀಸರು ಬಂದರೆ ಚೊಂಬು ಬಿಚ್ಚುತ್ತಾರೆ. ಬಸ್ ಹೋಗಿಬಿಡುತ್ತದೆ. ದೊಡ್ಡಮ್ಮ ಬರಿಗೈಯಲ್ಲಿ ಊರಿಗೆ ಹೋಗಬೇಕಾಗುತ್ತದೆ.

ಹತ್ತಿರ ಹೋದೆ. ಡ್ರೈವರ್ ಚೀಲದಲ್ಲಿ ಏನಿದೆ ಎಂದು ಕೇಳಿದ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. "ಮೈ ಬ್ರದರ್" ಎಂದೆ. ಚೀಲ ನಿನ್ನ ಅಣ್ಣನದಾ, ಅವನೆಲ್ಲಿ ಎಂದ. ನಾನು ಮತ್ತೆ ಚೀಲವನ್ನೇ ತೋರಿಸಿದೆ.

ಅವನಿಗೆ ಅರ್ಥವಾಯಿತು. ಮೊಬೈಲ್ ಹಿಡಿದವನಿಗೆ ಬೇಡ ಎಂದು ಸನ್ನೆ ಮಾಡಿದ. ಮರಕ್ಕೆ ಯಾಕೆ ಹಾಕಿದೆ ಎಂದು ಕೇಳಿದ. ನೆಲ ತೋರಿಸಿ ನೋ ಎಂದೆ, ಟಾಯ್ಲೆಟ್ ತೋರಿಸಿ ನೋ ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅಣ್ಣ ಸತ್ತ ದಿನವೂ ನಾನು ಅತ್ತಿರಲಿಲ್ಲ.

ಡ್ರೈವರ್ ಬಾಯಲ್ಲಿದ್ದ ಸಿಗರೇಟು ತೆಗೆದು ಹೊಸಕಿದ. ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ. ಕೊಡಲೋ ಬೇಡವೋ ಎಂದು ಒಂದು ಗಳಿಗೆ ನಿಂತೆ. ಅವನು ಆಗತಾನೆ ಮಾಂಸದ ಪೈ ತಿಂದಿದ್ದನ್ನು ನೋಡಿದ್ದೆ. ಆದರೂ ಚೀಲ ಇಳಿಸಿ ಅವನ ಕೈಗಿಟ್ಟೆ. "ಗೋ, ಮೇಟ್" ಎಂದ.

ನಾನು ವಾಪಸ್ ಬಂದಾಗ ಹೊರಡುವ ಹೊತ್ತು ಮೀರಿತ್ತು. ಬಸ್ಸಿನ ಬೀಗ ಇನ್ನೂ ತೆಗೆದಿರಲಿಲ್ಲ. ಎಲ್ಲರೂ ಚಳಿಯಲ್ಲಿ ಹೊರಗೇ ನಿಂತಿದ್ದರು. ಅವನು ಅದೇ ಮರದ ಕೆಳಗೆ ಚೀಲವನ್ನು ಎದೆಗೆ ಆನಿಸಿಕೊಂಡು, ನಾನು ಬಿಟ್ಟುಹೋದ ಜಾಗದಿಂದ ಒಂದು ಹೆಜ್ಜೆಯೂ ಕದಲದೆ ನಿಂತಿದ್ದ. ಪಕ್ಕದಲ್ಲೇ ಬೆಂಚು ಇತ್ತು. ಅದರ ಮೇಲೂ ಇಟ್ಟಿರಲಿಲ್ಲ.

ಮುಂದೆ ಆಲ್ಬರಿ ಎಂಬ ಊರಿನಲ್ಲಿ ಅವನ ಡ್ಯೂಟಿ ಮುಗಿಯಿತು. ಇಳಿಯುವಾಗ ಹೊಸ ಡ್ರೈವರನ ಕಿವಿಯಲ್ಲಿ ಏನೋ ಹೇಳಿ, ನನ್ನ ಕಡೆ ಒಮ್ಮೆ ನೋಡಿ ಹೋದ. ನಾನು ಅವನ ಹೆಸರು ಕೇಳಲಿಲ್ಲ. ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಮುಂದೆ ಕಾಫಿಗೆ ನಿಲ್ಲಿಸಿದಾಗ ಹೊಸ ಡ್ರೈವರ್, ಚಿಕ್ಕ ವಯಸ್ಸಿನವನು, ನೇರ ನನ್ನ ಸೀಟಿಗೆ ಬಂದ. ಏನೂ ಕೇಳದೆ ಎರಡೂ ಕೈ ಚಾಚಿದ.

ಮೆಲ್ಬರ್ನ್ ತಲುಪಿದಾಗ ದೊಡ್ಡಮ್ಮ ಸೀರೆಯ ಮೇಲೆ ಅಳಿಯನ ಕೋಟು ಹಾಕಿಕೊಂಡು ಸೂಟ್‌ಕೇಸ್ ಪಕ್ಕ ನಿಂತಿದ್ದಳು. ಚೀಲ ಮುಟ್ಟುವ ಮೊದಲೇ ಕೇಳಿದಳು.

"ಎಲ್ಲೂ ಕೆಳಕ್ಕೆ ಮಡಗ್ಲಿಲ್ಲ ತಾನೆ?"

ಇಲ್ಲ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಸಿಗರೇಟು, ಪೈ ಯಾವುದನ್ನೂ ಮುಚ್ಚಿಡಲಿಲ್ಲ. ಅಳಿಯ ಮುಖ ಸಿಂಡರಿಸಿದ, ಯಾರ್ ಯಾರೋ ಮುಟ್ಟಿಬಿಟ್ಟರಲ್ಲ ಎಂದ. ದೊಡ್ಡಮ್ಮ ಅವನ ಕಡೆ ತಿರುಗಲಿಲ್ಲ. ಚೀಲವನ್ನು ನನ್ನಿಂದ ತೆಗೆದುಕೊಂಡು ಸೊಂಟಕ್ಕೆ ಆನಿಸಿಕೊಂಡಳು, ಮಗುವನ್ನು ಎತ್ತಿಕೊಳ್ಳುವ ಹಾಗೆ. ಬಸ್ಸಿನಿಂದ ಲಗೇಜು ಇಳಿಸುತ್ತಿದ್ದ ಹುಡುಗ ಡ್ರೈವರನನ್ನು ನೋಡುತ್ತಾ ಬೆರಳು ಮಡಚಿ ಎಣಿಸಿದಳು.

"ನೀನೊಬ್ಬ. ಆ ದಪ್ಪನೆಯವ್ನು. ಈ ಹುಡ್ಗ. ಈಗ ನಾನು. ನಾಕು ಜನ ಆಯ್ತಲ್ಲ ಕಣ್ಲಾ ಮಗ."

ಆಮೇಲೆ ಅತ್ತಳು. ಅಷ್ಟು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗಲೂ ಆ ರಸ್ತೆಯಲ್ಲಿ ಹೋಗುವಾಗ ಗಂಡಗೈನಲ್ಲಿ ಇಳಿಯುತ್ತೇನೆ. ಅಲ್ಲಿ ಅಂಥ ಮರ ಸುಮಾರು ಇವೆ. ಯಾವುದು ಅಂತ ಗುರುತು ಸಿಗುವುದಿಲ್ಲ. ಆ ದಪ್ಪ ಡ್ರೈವರನ ಮುಖ ಮಾತ್ರ ಚೆನ್ನಾಗಿ ನೆನಪಿದೆ. ಯಾರಾದರೂ ಎರಡೂ ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡು ದಾರಿ ತೋಚದೆ ನಿಂತಿದ್ದರೆ ನಾನು ಏನೂ ಕೇಳುವುದಿಲ್ಲ. ಅಂಗೈ ಒರೆಸಿಕೊಂಡು ಚಾಚುತ್ತೇನೆ.