ಕೆಂಪು ಬಳಿದ ಜೇನುಪೆಟ್ಟಿಗೆಗಳು

ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ ನಾನು ರೋಣದಲ್ಲಿ ಜೇನುಕೃಷಿಯ ತಾಂತ್ರಿಕ ಸಹಾಯಕನಾಗಿದ್ದೆ. ದೀಪಾವಳಿ ಮುಗಿದು ತಿಂಗಳಾಗಿರಬಹುದು, ಸವಡಿ ಹಳ್ಳಿಯಿಂದ, ಜೇನು ಸಾಕಿದ್ದ ಶಾಂತವ್ವ ಫೋನ್ ಮಾಡಿದರು.

"ಸರ್, ನಾಕ ಪೆಟ್ಟಿಗ್ಯಾಗ ರಾಣಿನ ಇಲ್ರಿ. ಲಗೂ ಬರ್ರಿ."

ಶಾಂತವ್ವ ಹಟದ ಹೆಂಗಸು. ಮನೆಯವರು ಬೇಡವೆಂದರೂ ಒಂದೆಕರೆಯಲ್ಲಿ ಬೀಜಕ್ಕೆಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಹಚ್ಚಿದ್ದರು. ಅದರ ಹೂವಿನ ಮೇಲೆ ಜೇನು ಓಡಾಡದಿದ್ದರೆ ಬೀಜ ಸರಿಯಾಗಿ ಕಟ್ಟುವುದಿಲ್ಲ. ಅದಕ್ಕೇ ಹಬ್ಬದ ಹೊತ್ತಿಗೆ, ಇದ್ದ ನಾಲ್ಕು ಜೇನು ಕುಟುಂಬಗಳನ್ನು ಪಾಲು ಮಾಡಿ ಎಂಟು ಮಾಡಿದ್ದರು. ಹೊಸ ನಾಲ್ಕು ಪಾಲಿನವು ತಮ್ಮ ರಾಣಿಯನ್ನು ತಾವೇ ಬೆಳೆಸಿಕೊಳ್ಳಬೇಕಿತ್ತು.

ಹೊಲದಲ್ಲಿ ಅವರ ಮಾವ ಶಿವಪ್ಪ ನಿಂತಿದ್ದರು. "ಹೂ ಬಿಡೂದ್ರಾಗ ಪೆಟ್ಟಿಗಿ ತುಂಬಲಿಲ್ಲಂದ್ರ ಮಾರಿಬಿಡೂದ. ಈ ಬೆಳಿನೂ ಹರಗಿ ತಗದಬಿಡೂದ," ಎಂದರು. ಶಾಂತವ್ವ ಅವರತ್ತ ತಿರುಗದೆ ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆದರು. ಆ ಹಟ ನೋಡಿ ನನಗೂ ಛಲ ಬಂತು.

ಪಕ್ಕದ ಹೊಲದವರು ಬೆಳೆಗೆ ಹೊಡೆದ ಕೀಟನಾಶಕದ ಎಣ್ಣೆ ಕಾರಣವೆಂದು ಶಿವಪ್ಪನವರ ಗುಮಾನಿ. ವಿಷವಾಗಿದ್ದರೆ ಪೆಟ್ಟಿಗೆಗಳ ಮುಂದೆ ಸತ್ತ ಹುಳುಗಳ ರಾಶಿ ಇರಬೇಕಿತ್ತು, ಇರಲಿಲ್ಲ. ಹಳೆಯ ರಾಣಿಯಿದ್ದ ನಾಲ್ಕೂ ಪೆಟ್ಟಿಗೆಗಳು ಗಟ್ಟಿಮುಟ್ಟಾಗಿದ್ದವು. ಹೊಸ ರಾಣಿ ಹುಟ್ಟಬೇಕಿದ್ದ ನಾಲ್ಕು ಮಾತ್ರ ರಾಣಿಯಿಲ್ಲದೆ ಬರಿದಾಗಿದ್ದವು. ಹಿಂದೆ ಸರಿದು ಸಾಲನ್ನು ನೋಡಿದೆ. ಎಂಟೂ ಮಿರಮಿರ ಮಿಂಚುವ ಕೆಂಪು.

"ಯಾರು ಬಳದದ್ದು?"

"ನಾನ ರೀ," ಎಂದರು ಶಿವಪ್ಪ. "ಹಬ್ಬಕ್ಕ ಚಕ್ಕಡಿಗೆ, ಬಿತ್ತೂ ಕೂರಗಿಗೆ, ಬಾಗಲಕ್ಕ ಎಲ್ಲಾ ಬಳದ್ವಿ. ಇವ್ಯಾಕ ಹಳೇ ಅರಿವಿ ಉಟ್ಟಂಗ ಇರಬೇಕು ಅಂತ ಇವಕ್ಕೂ ಬಳದೆ."

ನಗು ತಡೆಯಲಾಗಲಿಲ್ಲ. ಜೇನಿನ ಕಣ್ಣಿಗೆ ನೀಲಿ, ಹಳದಿ ಕಾಣುತ್ತವೆ. ನಮಗೆ ಕಾಣದ ಅತಿನೇರಳೆಯೂ ಕಾಣುತ್ತದೆ. ಕೆಂಪು ಮಾತ್ರ ಹೆಚ್ಚುಕಡಿಮೆ ಕಪ್ಪು. ಹಳೆಯ ರಾಣಿ ಗೂಡು ಬಿಟ್ಟು ಹೊರಡುವುದೇ ಅಪರೂಪ. ಎಳೆಯ ರಾಣಿ ಗಂಡುಜೇನನ್ನು ಕೂಡಲು ಹಾರಿಹೋಗಿ ಮನೆ ಗುರುತಿಸಿ ಮರಳಬೇಕು. ಇಲ್ಲಿ ಒಂದೇ ತರಹದ ಎಂಟು ಕಪ್ಪು ಮನೆಗಳು. ತಪ್ಪು ಬಾಗಿಲು ಹೊಕ್ಕ ರಾಣಿಯನ್ನು ಒಳಗಿನವು ಪರಕೀಯ ವಾಸನೆಯಿಂದಲೇ ಗುರುತಿಸಿ ಕೊಲ್ಲುತ್ತವೆ.

ಇದನ್ನು ಹೇಳಿದಾಗ ಶಿವಪ್ಪ ಪೆಟ್ಟಿಗೆಯ ಬಣ್ಣವನ್ನು ಉಗುರಿನಿಂದ ಕೆರೆದರು. ಶಾಂತವ್ವ ಸೆರಗು ಸಿಕ್ಕಿಸಿದರು. "ಆದದ್ದು ಆತು. ಇನ್ನ ಹ್ಯಾಂಗ ಮಾಡೂದು ಹೇಳ್ರಿ."

ಗಟ್ಟಿ ಪೆಟ್ಟಿಗೆಗಳಿಂದ ಹೊಸ ಮೊಟ್ಟೆಯಿದ್ದ ಮೇಣದ ಎರಿಗಳನ್ನು ಹುಳುಗಳ ಸಮೇತ ತೆಗೆದು ಬರಿದಾದವಕ್ಕೆ ಕೊಟ್ಟೆವು. ಆ ಮರಿಗಳಿಂದ ಜೇನುಗಳೇ ರಾಣಿ ಬೆಳೆಸಿಕೊಳ್ಳಬೇಕು. ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ, ಇನ್ನೊಂದಕ್ಕೆ ನೀಲಿ-ಹಳದಿ ಪಟ್ಟೆ ಬಳಿದು, ಒಂದೊಂದನ್ನು ಒಂದೊಂದು ದಿಕ್ಕಿಗೆ ತಿರುಗಿಸಿದೆವು. ಬ್ರಷ್ ಹಿಡಿದವರು ಶಿವಪ್ಪನವರೇ. ಸೊಸೆ ತೋರಿಸಿದ ಬಣ್ಣವನ್ನೇ ಬಳಿದರು. ನಾಲ್ಕರಲ್ಲಿ ಮೂರು ಕುಟುಂಬ ಉಳಿದವು, ಒಂದು ಕೈತಪ್ಪಿತು.

ಉಳ್ಳಾಗಡ್ಡಿ ಹೂಬಿಟ್ಟಾಗ ಮತ್ತೆ ಹೋದೆ. ಹೊಲದ ತುಂಬ ಗುಂಯ್‌ಗುಡುವ ಸದ್ದು. ಹುಳುಗಳ ಜೊತೆ ಕೆಲಸ ಮಾಡುವವನು ತನ್ನ ಕಣ್ಣನ್ನು ನಂಬುವ ಮೊದಲು ಅವುಗಳ ಕಣ್ಣು ಏನು ಹೇಳುತ್ತದೆಂದು ಕೇಳಬೇಕು. ನನ್ನ ವೃತ್ತಿ ಕಲಿಸಿದ್ದು ಅದನ್ನೇ. ಇದನ್ನು ಶಿವಪ್ಪನವರಿಗೆ ವಿವರಿಸಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಲೂ ಇಲ್ಲ, ಸೊಸೆಯನ್ನು ಕೂಗಿದರು:

"ಶಾಂತವ್ವಾ, ಬರೂ ವರ್ಷ ಇನ್ನೊಂದ ಎಕರೆ ಹಚ್ಚವಾ."