ಮೀನಿನ ಮುಳ್ಳು ಕಾಣುವಷ್ಟು ಬೆಳಕು

ಕೊರೋನಾ ಕಳೆದು ಎರಡನೆಯ ವರ್ಷ. ಆಗ ನನಗೆ ಐವತ್ತಾರು. ಮನೆಗಳ ಒಳಾಂಗಣ ಒಪ್ಪ ಮಾಡಿಕೊಡುವ ಕೆಲಸಕ್ಕೆ ಇಳಿದು ಏಳು ವರ್ಷವಾಗಿತ್ತು. ಇಂಟೀರಿಯರ್ ಡಿಸೈನರ್ ಎಂದು ಯಾರಾದರೂ ಕರೆದರೆ ಈಗಲೂ ಸಂಕೋಚವಾಗುತ್ತದೆ. ನಾನು ಅದನ್ನು ಎಲ್ಲಿಯೂ ಕಲಿತವಳಲ್ಲ, ಬನ್ನಂಜೆಯಲ್ಲಿ ಮನೆ ನಡೆಸಿಕೊಂಡು ಇದ್ದವಳು. ಮಣಿಪಾಲದಲ್ಲಿ ಫ್ಲ್ಯಾಟ್ ಕೊಂಡ ನಾದಿನಿ, "ಅತ್ತಿಗೆ, ನನ್ನದೂ ನಿಮ್ಮ ಮನೆಯ ಹಾಗೆ ಕಾಣಬೇಕು" ಎಂದು ಹಟ ಹಿಡಿದಳು. ಅವಳ ಮನೆ ನೋಡಿ ಅವಳ ಗೆಳತಿ ಕರೆದಳು, ಆ ಮನೆ ನೋಡಿ ಇನ್ನೊಬ್ಬರು. ದೇವರು ಒಂದೊಂದೇ ಬಾಗಿಲು ತೆರೆದ. ಜೊತೆಗೆ ಕಾರ್ಕಳದ ವಾಸು ಆಚಾರ್ರಂಥ ಬಡಗಿಯನ್ನೂ ಕೊಟ್ಟ. ನಾನು ಬರೆದ ನಕ್ಷೆ ಸರಿಯಿಲ್ಲದಿದ್ದರೆ "ಅಮ್ಮ, ಇದು ನಿಲ್ಲುವುದಿಲ್ಲ" ಎಂದು ಮುಖಕ್ಕೇ ಹೇಳುವವರು ಅವರು. ಅಂಥವರು ಸಿಗುವುದೂ ಭಾಗ್ಯವೇ.

ಆ ವರ್ಷ ಕಾಪುವಿನಿಂದ ಸೆಲಿನ್ ಬಾಯಿ ಫೋನ್ ಮಾಡಿದರು. ಅವರ ತಾಯಿ ಮೂವತ್ತು ವರ್ಷ ನಡೆಸಿದ ಮೀನೂಟದ ಹೋಟೆಲು, ಹನ್ನೊಂದು ಟೇಬಲ್. ತಾಯಿಗೆ ಮಂಡಿನೋವು ಬಂದು ಅದೀಗ ಸೆಲಿನ್ ಕೈಗೆ ಬಂದಿತ್ತು. ಸೆಲಿನ್ ಹನ್ನೆರಡು ವರ್ಷ ಕುವೈತಿನ ಒಂದು ಮನೆಯಲ್ಲಿ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು ಬಂದವರು. ಗಂಡ ತೀರಿಹೋಗಿದ್ದರು. ಮಗಳು ರೀಮಾ ಒಂಬತ್ತನೇ ಕ್ಲಾಸು. ಆ ಹುಡುಗಿ ತಾಯಿಯನ್ನು ಕಂಡದ್ದಕ್ಕಿಂತ ಫೋನಿನ ಪರದೆಯಲ್ಲಿ ತಾಯಿಯನ್ನು ಕಂಡದ್ದೇ ಹೆಚ್ಚು.

"ಹೋಟೆಲ್ ನಡೆದರೆ ನಾನು ಇಲ್ಲಿ ಇರ್ತೇನೆ ಅಕ್ಕ. ನಡೆಯದಿದ್ದರೆ ಮತ್ತೆ ಅಲ್ಲಿಗೇ. ಅವರು ಈಗಲೂ ಕರೀತಾ ಇದ್ದಾರೆ. ಮಣಿಪಾಲದಲ್ಲಿ ನೀವು ಮಾಡಿದ ಮನೆ ನೋಡಿದೆ. ನನಗೂ ಹಾಗೆ ಚಂದ ಮಾಡಿ ಕೊಡಿ."

ನಮ್ಮದು ಮೀನು ಮುಟ್ಟದ ಮನೆ. ನಾನು ಅನುಮಾನಿಸಿದೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನೀನು ಗೋಡೆಗೆ ಬಣ್ಣ ಹೇಳುವುದಲ್ವಾ, ಸಾರಿಗೆ ಮಸಾಲೆ ಅಲ್ಲವಲ್ಲ. ಹೋಗು ಮಾರಾಯ್ತಿ" ಎಂದರು.

ಹೋದೆ. ಆದರೆ ಯಾರಿಗೂ ಹೇಳದ ಒಂದು ನಿಯಮ ಇಟ್ಟುಕೊಂಡೆ: ಹೋಗುವುದು ಸಂಜೆ ನಾಲ್ಕರ ಮೇಲೆ. ಆ ಹೊತ್ತಿಗೆ ಊಟ ಮುಗಿದು, ಟೇಬಲ್ ಒರೆಸಿ, ನೆಲ ತೊಳೆದು ಆಗಿರುತ್ತಿತ್ತು. ವಾಸನೆ ಅಷ್ಟಾಗಿ ಇರುತ್ತಿರಲಿಲ್ಲ. ಐದು ವಾರದ ಕೆಲಸದಲ್ಲಿ ಅಲ್ಲಿ ಒಬ್ಬರು ಉಣ್ಣುವುದನ್ನೂ ನಾನು ನೋಡಲಿಲ್ಲ.

ಕೆಲಸ ಮಾತ್ರ ಮನಸ್ಸಿಟ್ಟು ಮಾಡಿದೆವು. ಕೆಡವಿದ ಮನೆಗಳ ಹಳೆಯ ಬಾಗಿಲುಗಳನ್ನು ಆಚಾರ್ರು ಉಜ್ಜಿ, ಎಣ್ಣೆ ಹಚ್ಚಿ, ಒಂದು ಗೋಡೆಯ ಉದ್ದಕ್ಕೂ ಕೂರಿಸಿದರು. ಉಳಿದ ಗೋಡೆಗಳಿಗೆ ಕಡು ಹಸಿರು. ಬೆತ್ತದ ಕುರ್ಚಿ. ಟೇಬಲ್ಲಿಗೆ ಕಪ್ಪುಗಂದು ಹಲಗೆ, ಊಟಕ್ಕೆ ಕಪ್ಪು ಪಿಂಗಾಣಿ ತಟ್ಟೆ. ಕಿಟಕಿ ಒಂದೇ, ಹಗಲಿಗೂ ದೀಪ ಬೇಕಾದ ಜಾಗ ಅದು. ಬಿದಿರಿನ ಬುಟ್ಟಿಗಳನ್ನು ಕವುಚಿ ಒಳಗೆ ಬಲ್ಬು ಇಟ್ಟು ಸೀಲಿಂಗಿನಿಂದ ತೂಗಿಸಿದೆವು. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟು ಬೆಳಕು ಹಳದಿ, ಹೆಚ್ಚಾದಷ್ಟು ಬಿಳಿ. ನಾನು ಆರಿಸಿದ್ದು 2700, ದೀಪದ ಕುಡಿಯಂಥ ಹಳದಿ. ಬಲ್ಬು ಬರೀ ಐದು ವ್ಯಾಟಿನದು. ಕೊನೆಯ ದಿನ ಒಬ್ಬಳೇ ಕುಳಿತು, ಮನೆಯಿಂದ ತಂದ ಅವಲಕ್ಕಿ ತಿಂದು ನೋಡಿದೆ. ಕಣ್ಣಿಗೆ ತಂಪು, ಮನಸ್ಸಿಗೆ ಶಾಂತಿ. ದೇವರೇ, ಚಂದ ಆಯಿತು ಎಂದುಕೊಂಡೆ.

ಚಂದವೇನೋ ಆಗಿತ್ತು. ಮೊದಲ ವಾರ ಮಣಿಪಾಲದಿಂದ ಕಾಲೇಜು ಮಕ್ಕಳು ಬೈಕಿನಲ್ಲಿ ಬಂದು ಬಾಗಿಲುಗಳ ಮುಂದೆ ನಿಂತು ಫೋಟೋ ತೆಗೆದುಕೊಂಡರು. ರೀಮಾ ಅದನ್ನೆಲ್ಲ ನನಗೆ ಕಳುಹಿಸುತ್ತಿದ್ದಳು. ಆರನೆಯ ವಾರ ಫೋನ್ ಬಂದದ್ದು ಸೆಲಿನ್ ಬಾಯಿಯದು.

"ಅಕ್ಕ, ಫೋಟೋದವರು ಒಂದು ಸಲ ಬಂದು ಹೋದರು. ದಿನಾ ಬರುವವರು ಬರುವುದೇ ಇಲ್ಲ. ಅಮ್ಮನ ಕಾಲದಿಂದ ಉಂಡವರು ಎದುರಿನ ಹೋಟೆಲಿಗೆ ಹೋಗ್ತಾರೆ, ನನ್ನ ಮುಖ ನೋಡಿದರೆ ಆಚೆ ತಿರುಗ್ತಾರೆ."

"ಅಡುಗೆ ಬದಲಾಯ್ತಾ?"

"ಅಡುಗೆಯವರು ಅವರೇ, ಮಸಾಲೆ ಅಮ್ಮನದ್ದೇ. ಈ ತಿಂಗಳು ನೋಡ್ತೇನೆ. ಇಲ್ಲದಿದ್ದರೆ ಟಿಕೆಟ್ ಮಾಡ್ತೇನೆ. ರೀಮಾಳಿಗೆ ಇನ್ನೂ ಹೇಳಲಿಲ್ಲ."

ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಆಚಾರ್ರಿಗೆ ಫೋನ್ ಮಾಡಿ, "ನಾಳೆ ಕಾಪುವಿಗೆ ಬನ್ನಿ, ಮಧ್ಯಾಹ್ನ ಒಂದು ಗಂಟೆಗೆ" ಎಂದೆ. ಅವರು, "ಒಂದಕ್ಕಾ ಅಮ್ಮ? ಊಟದ ಹೊತ್ತಿಗಾ?" ಎಂದರು. ನನ್ನ ನಿಯಮ ಅವರಿಗೆ ಮೊದಲಿನಿಂದಲೂ ತಿಳಿದಿತ್ತು ಎಂದು ಆಗ ಗೊತ್ತಾಯಿತು.

ಮರುದಿನ ಹೋಟೆಲಿನ ಒಳಗೆ ಕಾಲಿಟ್ಟಾಗ ಇದ್ದದ್ದು ನಾಲ್ಕೇ ಜನ. ಮೂಲೆಯ ಟೇಬಲ್ಲಿನಲ್ಲಿ ಸೆಲಿನ್ ತಾಯಿಯ ಕಾಲದಿಂದ ಅಲ್ಲಿ ಉಣ್ಣುತ್ತಿದ್ದ, ಟೆಂಪೋ ಓಡಿಸುವ ಸುಧಾಕರಣ್ಣ ಎಂಬವರು, ಎದುರಿಗೆ ಅವರ ಜೊತೆಗಾರರೊಬ್ಬರು. ಸುಧಾಕರಣ್ಣನ ಎಡಗೈಯಲ್ಲಿ ಮೊಬೈಲು, ಅದರ ಟಾರ್ಚು ಉರಿಯುತ್ತಿತ್ತು. ಅದರ ಬೆಳಕನ್ನು ತಟ್ಟೆಗೆ ಹಿಡಿದು ಬಲಗೈಯಲ್ಲಿ ಮೀನು ಬಿಡಿಸುತ್ತಿದ್ದರು.

"ಏನಾದರೂ ಬಿತ್ತಾ ಅಣ್ಣ?" ಎಂದು ಕೇಳಿದೆ.

"ಬಿದ್ದದ್ದಲ್ಲ ಅಮ್ಮ. ಬೂತಾಯಿ ಉಂಟು, ಮುಳ್ಳು ಕಾಣುವುದಿಲ್ಲ. ಹೋದ ತಿಂಗಳು ಗಂಟಲಿಗೆ ಸಿಕ್ಕಿ ಡಾಕ್ಟರು ಇಕ್ಕಳ ಹಾಕಿ ತೆಗೆದದ್ದು."

ಜೊತೆಗಾರರು ನಕ್ಕು, "ಊಟಕ್ಕೆ ಬರುವವರು ಟಾರ್ಚ್ ತನ್ನಿ ಅಂತ ಹೊರಗೆ ಬೋರ್ಡ್ ಹಾಕಿ ಬಾಯಿ" ಎಂದು ಸೆಲಿನ್ ಕಡೆ ಕೂಗಿದರು.

"ಮತ್ತೆ ನನಗೆ ಯಾಕೆ ಹೇಳಲಿಲ್ಲ ಸುಧಾಕರಣ್ಣ?" ಸೆಲಿನ್ ಅಡುಗೆಕೋಣೆಯ ಬಾಗಿಲಿನಿಂದ ಈಚೆ ಬಂದು ಕೇಳಿದರು.

"ಎಂತ ಹೇಳುವುದು? ಅಷ್ಟು ಆಸೆಯಿಂದ ಮಾಡಿಸಿದ್ದೀರಿ. ನಿಮಗೆ ಬೇಸರ ಆಗುವುದಿಲ್ವಾ?"

ನನ್ನ ಮುಖಕ್ಕೆ ಬಿಸಿ ಏರಿತು. ಬೂತಾಯಿ ಅಂಗೈಯುದ್ದದ ಮೀನು, ಅದರ ಮುಳ್ಳು ಕೂದಲಿನಷ್ಟು ಸಣ್ಣ. ಹಳದಿ ಬೆಳಕು, ಕಪ್ಪು ತಟ್ಟೆ, ಕಪ್ಪು ಟೇಬಲ್. ಮೀನು ತಿನ್ನುವ ಮನೆಯ ಮಗುವಿಗೂ ಗೊತ್ತಿರುವ ಸಂಗತಿ ನನಗೆ ಹೊಳೆದಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದು ಅವಲಕ್ಕಿಯಲ್ಲಿ. ಅವಲಕ್ಕಿಗೆ ಎಲ್ಲಿಯ ಮುಳ್ಳು?

ಆಚಾರ್ರು "ಇಡೀ ಸೀಲಿಂಗಿಗೆ ಟ್ಯೂಬ್‌ಲೈಟ್ ಹಾಕಿಬಿಡುವ ಅಮ್ಮ" ಎಂದರು. ಹಾಗೆ ಮಾಡಿದರೆ ಸೆಲಿನ್ ಆಸೆಪಟ್ಟದ್ದೆಲ್ಲ ಬಸ್‌ಸ್ಟ್ಯಾಂಡಿನ ಹಾಗಾಗುತ್ತಿತ್ತು. ಎಷ್ಟು ಬೆಳಕು ಬೇಕು, ಎಲ್ಲಿ ಬೇಕು ಎಂದು ತಿಳಿಯದೆ ಎರಡನೆಯ ತಪ್ಪು ಮಾಡುವ ಧೈರ್ಯ ನನಗಿರಲಿಲ್ಲ. ತಿಳಿಯುವ ದಾರಿ ಒಂದೇ ಇತ್ತು. ಕೃಷ್ಣನನ್ನು ನೆನೆದೆ, ಕುರ್ಚಿ ಎಳೆದು ಕೂತೆ.

"ಸೆಲಿನ್, ಎರಡು ಬೂತಾಯಿ ಇಲ್ಲಿ ಹಾಕಿ."

ಅವರು ಬಾಯಿಗೆ ಕೈ ಹಿಡಿದರು. "ಅಯ್ಯೋ ಬೇಡ ಅಕ್ಕ, ನೀವು ಮುಟ್ಟಬೇಡಿ. ನನಗೆ ಪಾಪ ಬರ್ತದೆ."

"ತಪ್ಪು ಮಾಡಿದ್ದು ನಾನು, ನಿಮಗೆ ಯಾಕೆ ಪಾಪ? ತಿನ್ನುವುದಿಲ್ಲ, ಬಿಡಿಸ್ತೇನೆ ಅಷ್ಟೆ. ಹಾಕಿ."

ತಟ್ಟೆ ಬಂತು. ಐವತ್ತಾರು ವರ್ಷದಲ್ಲಿ ಮೊದಲ ಸಲ ಮೀನಿಗೆ ಬೆರಳು ತಾಗಿಸಿದೆ. ನಾಲ್ಕು ಜನವೂ ಉಣ್ಣುವುದು ಬಿಟ್ಟು ಸುತ್ತ ನಿಂತರು.

"ಹಾಗಲ್ಲ ಅಮ್ಮ, ಹೋಳಿಗೆ ಹರಿದ ಹಾಗೆ ಹರಿಯಬೇಡಿ" ಎಂದರು ಸುಧಾಕರಣ್ಣ. "ಬೆನ್ನಿನ ಹತ್ತಿರ ಒತ್ತಿ. ನಡುವಿನ ಮುಳ್ಳು ಹಿಡಿದು ಬಾಲದಿಂದ ಎಳೀರಿ. ಹಾಂ. ಇನ್ನು ಸಣ್ಣದು ಉಂಟು, ಅದೇ ಮೋಸದ್ದು."

ಆ ಮೋಸದ್ದು ನನಗೆ ಕಾಣಲಿಲ್ಲ. ಆಚಾರ್ರು ಪಕ್ಕದ ಅಂಗಡಿಯಿಂದ ಬೇರೆ ಬಲ್ಬು ತಂದು, ಏಣಿ ಹತ್ತಿ ಬುಟ್ಟಿಗೆ ಹಾಕಿದರು: 4000 ಕೆಲ್ವಿನ್, ಹನ್ನೆರಡು ವ್ಯಾಟು. ಕಾಣಲಿಲ್ಲ. ಕಪ್ಪು ತಟ್ಟೆ ತೆಗೆದು ಬಾಳೆಲೆ ಹಾಕಿಸಿದೆ. ಸ್ವಲ್ಪ ಕಂಡಿತು. "ವಯರ್ ಬಿಡಿ ಆಚಾರ್ರೆ" ಎಂದೆ. ಬುಟ್ಟಿ ಇಳಿಯಿತು. ಇನ್ನೂ ಬಿಡಿ, ಇನ್ನೂ. "ತಲೆಗೆ ತಾಗ್ತದೆ ಅಮ್ಮ." ತಾಗುವುದಿಲ್ಲ, ನಾನು ಕೂತಿದ್ದೇನಲ್ಲ, ಇನ್ನೊಂದು ಗೇಣು. ಅಷ್ಟರಲ್ಲಿ ಎಲೆಯ ಹಸಿರಿನ ಮೇಲೆ ಬಿಳಿ ಎಳೆಗಳಂತೆ ಮುಳ್ಳುಗಳು ಒಂದೊಂದಾಗಿ ಕಂಡವು. ಹೆಕ್ಕಿ ಎಲೆಯ ಅಂಚಿಗೆ ಇಟ್ಟೆ.

"ಈಗ ಕಲಿತರು!" ಎಂದು ಸುಧಾಕರಣ್ಣ ಮೊಬೈಲಿನ ಟಾರ್ಚು ಆರಿಸಿದರು.

ಆಚಾರ್ರು ಟೇಪ್ ಹಿಡಿದರು. ಟೇಬಲ್ಲಿನಿಂದ ಬುಟ್ಟಿಯ ಬಾಯಿಗೆ ಎರಡು ಅಡಿ ನಾಲ್ಕು ಇಂಚು. ಹನ್ನೊಂದು ಟೇಬಲ್ಲಿಗೂ ಅದೇ ಅಳತೆ, ಅದೇ ಬಲ್ಬು ಇಟ್ಟೆವು; ಕಪ್ಪು ತಟ್ಟೆ ಹೋಗಿ ಬಾಳೆಲೆ ಬಂತು. ಹಸಿರು ಗೋಡೆ, ಹಳೆಯ ಬಾಗಿಲುಗಳು ಮೊದಲಿನಂತೆಯೇ ಮಬ್ಬಿನಲ್ಲಿ ಉಳಿದವು. ಬೆಳಕು ಎಲೆಯ ಮೇಲೆ ಮಾತ್ರ. ಹೇಳಿದರೆ ನಾಚಿಕೆ, ಹೋಟೆಲು ಮೊದಲಿಗಿಂತ ಚಂದ ಕಂಡದ್ದು ಆಮೇಲೆಯೇ.

ಮನೆಗೆ ಬಂದು ಮಿಂದೆ. ದೇವರ ಮುಂದೆ ಕೂತಾಗ ಮನಸ್ಸು ಅಳುಕುತ್ತದೆ ಎಂದುಕೊಂಡಿದ್ದೆ. ಅಳುಕಲಿಲ್ಲ. ಐದು ವಾರ ಮೂಗು ಮುಚ್ಚಿಕೊಂಡು ಇನ್ನೊಬ್ಬರ ಅನ್ನದ ಜಾಗವನ್ನು ಅಲಂಕರಿಸಿದ್ದಕ್ಕೆ ಮಾತ್ರ ಕ್ಷಮೆ ಕೇಳಿದೆ.

ಹಳಬರು ಒಮ್ಮೆಲೇ ಮರಳಲಿಲ್ಲ. ಸುಧಾಕರಣ್ಣ ಇಬ್ಬರನ್ನು ಕರೆತಂದರು, ಅವರು ಮತ್ತಿಬ್ಬರನ್ನು. ತಿಂಗಳ ಕೊನೆಗೆ ಸೆಲಿನ್ ಫೋನ್ ಮಾಡಿ, "ಕುವೈತಿನವರಿಗೆ ಬರುವುದಿಲ್ಲ ಅಂದೆ ಅಕ್ಕ" ಎಂದರು. ಹಿಂದಿನಿಂದ ರೀಮಾ, "ಅಮ್ಮ, ಯಾರು ಎಲ್ಲಿಗೆ ಬರುವುದಿಲ್ಲ?" ಎಂದು ಕೇಳುವುದು ನನಗೆ ಕೇಳಿಸಿತು. ಸೆಲಿನ್ ನಕ್ಕು, "ಯಾರೂ ಎಲ್ಲಿಗೂ ಹೋಗುವುದಿಲ್ಲ, ನೀನು ಓದು" ಎಂದರು.

ಒಂದು ಜಾಗವನ್ನು ಅದು ದುಡಿಯುವ ಹೊತ್ತಿನಲ್ಲಿ ನೋಡಬೇಕು, ಅಲ್ಲಿಯವರು ಕೂರುವಲ್ಲೇ ಕೂತು ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಮೊನ್ನೆ ಕುಕ್ಕುಂದೂರಿನ ಒಂದು ಮನೆಯವರು ಅಡುಗೆಮನೆ ಹೊಸದು ಮಾಡಿಸಲು ಕರೆದಿದ್ದರು. ಬೆಳಿಗ್ಗೆ ಆರೂವರೆಗೇ ಹೋದೆ. ಆ ಮನೆಯ ಅಜ್ಜಿ ನೆಲದ ಮೇಲೆ ಮೆಟ್ಟುಕತ್ತಿ, ಅದೇ ಈಳಿಗೆ, ಹಾಕಿಕೊಂಡು ಬಾಳೆಕಾಯಿ ಹೆಚ್ಚುತ್ತಿದ್ದರು. ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ. ಸೊಸೆ ಗಾಬರಿಯಾಗಿ, "ಆಂಟಿ, ಕುರ್ಚಿ ಉಂಟು, ಎಂತ ನೆಲದಲ್ಲಿ?" ಎಂದಳು.

"ಅಳತೆ ತೆಗೀತಾ ಇದ್ದೇನೆ ಮಗಾ" ಎಂದೆ. ಅಜ್ಜಿ ಹೆಚ್ಚುವುದನ್ನು ನಿಲ್ಲಿಸಿ, ಮೆಟ್ಟುಕತ್ತಿಯನ್ನು ನನ್ನ ಕಡೆ ಸರಿಸಿ, ನನಗೂ ಒಂದು ಬಾಳೆಕಾಯಿ ದಾಟಿಸಿದರು.