ರೆಕಾರ್ಡಿನ ಇನ್ನೊಂದು ಬದಿ

ಮಾಳಮಡ್ಡಿಯ ನಮ್ಮ ಪಕ್ಕದ ಮನೆಯ ಮಾಸ್ತರರು ರೆಕಾರ್ಡಿನ ಒಂದು ಬದಿ ಮುಗಿದೊಡನೆ ‘ಏಳಬೇಕಪಾ’ ಎಂದು ಮೊಣಕಾಲಿಗೆ ಕೈಯೂರಿ ಏಳುತ್ತಿದ್ದರು. ಅದನ್ನು ಮಗುಚಿಟ್ಟು, ಒಳಕೋಣೆಗೆ ಹೋಗಿ ಬಂದು, ಆಮೇಲೆ ಮುಳ್ಳು ಇಳಿಸುತ್ತಿದ್ದರು.

ಮನೆಮನೆಗೆ ಸಿಡಿ ಬಂದಿದ್ದ ಕಾಲ. ‘ಮಾಸ್ತರ್ರ, ಸಿಡಿ ತಗೋರಿ. ಕುಂತಲ್ಲೇ ತಾಸುಗಟ್ಲೆ ಕೇಳಬಹುದು. ಇದೇನು ಸಂಗೀತನೋ ಕವಾಯತೋ?’ ಎಂದು ನಾಲ್ಕು ಜನರೆದುರು ಗೇಲಿ ಮಾಡಿದೆ.

‘ಕುಂತರ ಮರತಬಿಡ್ತೇನಪಾ’ ಎಂದು ಅವರೂ ನಕ್ಕರು.

ಒಂದು ದಿನ ಅವರು ರೆಕಾರ್ಡು ಮಗುಚಿಟ್ಟು ಹೋದಾಗ, ನೀರು ಕುಡಿಯಲು ನಾನೂ ಒಳಗೆ ಹೋದೆ. ಹಾಸಿಗೆ ಹಿಡಿದಿದ್ದ ಹೆಂಡತಿಯನ್ನು ಅವರು ಮೆಲ್ಲಗೆ ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು.

‘ಹಾಡು ಮುಗೀತೇನ್ರಿ?’ ಆಕೆ ಕೇಳಿದರು.

‘ಇಲ್ಲ, ಇನ್ನೊಂದು ಬಾಜೂ ಐತಿ.’

ಆಕೆ ತೀರಿಹೋದ ಮೇಲೂ ಅವರು ಸಿಡಿ ಕೊಳ್ಳಲಿಲ್ಲ. ರೆಕಾರ್ಡು ಮಗುಚಿ, ಖಾಲಿ ಕೋಣೆಗೆ ಹೋಗಿ ಬರುತ್ತಿದ್ದರು. ಎದುರಿಗೇ ಕುಳಿತಿರುತ್ತಿದ್ದ ನಾನು ಒಮ್ಮೆಯೂ ‘ತಪ್ಪಾತ್ರಿ’ ಎನ್ನಲಿಲ್ಲ.